ಮುದ್ರಿತ ಪುಸ್ತಕದ ಜಾಗವನ್ನು ಇ-ಪುಸ್ತಕ ಪೂರ್ತಿಯಾಗಿ ತುಂಬುವ ಕಾಲ ಬರುತ್ತದೆಯೇ?

ಪ್ರಶ್ನೆ ಕೇಳಿದವರು: ಕಪಾಟಿನ ಭಾರ

ಮಾನ್ಯರೇ,

ಮನೆ ಬದಲಿಸುವ ಸಂದರ್ಭ ಬಂದಿರುವುದರಿಂದ ನಾಲ್ಕು ಕಪಾಟು ತುಂಬಿರುವ ನನ್ನ ಪುಸ್ತಕಗಳನ್ನು ಎರಡು ಕಪಾಟಿಗೆ ಇಳಿಸಬೇಕಾಗಿದೆ. ಈ ಕೆಲಸಕ್ಕೆ ಕುಳಿತಾಗಲೇ, ಕಳೆದ ಐದಾರು ವರ್ಷಗಳಲ್ಲಿ ನಾನು ಕೊಂಡ ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕಪಾಟಿನಲ್ಲಿ ಇಲ್ಲವೇ ಇಲ್ಲ, ಇ-ರೀಡರಿನಲ್ಲಿವೆ ಎಂಬುದು ಗಮನಕ್ಕೆ ಬಂತು. ಹೀಗಾಗಲೆಂದು ನಾನು ನಿರ್ಧರಿಸಿದ್ದಿಲ್ಲ. ದೀಪ ಆರಿಸಿದ ಮೇಲೂ ಓದಬಹುದು, ಪ್ರಯಾಣಕ್ಕೆ ಹೊರಟಾಗ ಯಾವುದನ್ನು ಇಟ್ಟುಕೊಳ್ಳಲಿ ಯಾವುದನ್ನು ಬಿಡಲಿ ಎಂಬ ಗೊಂದಲವಿಲ್ಲ ಎಂಬಂಥ ಸಣ್ಣಪುಟ್ಟ ಅನುಕೂಲಗಳೇ ಒಟ್ಟುಗೂಡಿ ಅಭ್ಯಾಸವಾಗಿಬಿಟ್ಟಿವೆ.

2007ರ ನವೆಂಬರಿನಲ್ಲಿ ಅಮೆಜಾನ್ ಸಂಸ್ಥೆಯ ಕಿಂಡಲ್ ಹೊರಬಂದಾಗ, ಅಚ್ಚಾದ ಪುಸ್ತಕದ ದಿನಗಳು ಮುಗಿದವೆಂದು ಬರೆದವರು ಅನೇಕರಿದ್ದರು. ಅವರೆಣಿಸಿದ ವೇಗದಲ್ಲಿ ಹಾಗೇನೂ ಆಗಲಿಲ್ಲ. ಆದರೆ ಕ್ಯಾಮೆರಾದ ಫಿಲ್ಮ್ ರೋಲು, ಸಂಗೀತದ ಕ್ಯಾಸೆಟ್ಟು ನಮ್ಮ ಕಣ್ಣೆದುರೇ ಮರೆಯಾದವಲ್ಲ. ಪುಸ್ತಕಕ್ಕೆ ಮಾತ್ರ ಬೇರೆ ಗತಿ ಯಾಕಿರಬೇಕು?

ಕಾಗದದ ಪರಿಮಳ, ಪುಟ ತಿರುವುವ ಸುಖ ಮುಂತಾದ ಮಾತುಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಅವು ಸುಳ್ಳೆಂದು ಹೇಳುತ್ತಿಲ್ಲ; ಕಪಾಟು ಖಾಲಿ ಮಾಡುವವನಿಗೆ ಅವುಗಳಿಂದ ಪ್ರಯೋಜನವಿಲ್ಲ, ಅಷ್ಟೇ. ಮುದ್ರಿತ ಪುಸ್ತಕ ನಿಜಕ್ಕೂ ಹೋಗುವುದಾದರೆ ಯಾವ ಕಾರಣಕ್ಕೆ ಹೋಗುತ್ತದೆ, ಉಳಿಯುವುದಾದರೆ ಯಾವ ಬಲದಿಂದ ಉಳಿಯುತ್ತದೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಡಬೇಕೆಂಬುದು ಅದರಿಂದಲೇ ತೀರ್ಮಾನವಾಗಬಹುದು.

ಉತ್ತರ: ಪದಸೂಚಿ

ತಮ್ಮ ಪ್ರಶ್ನೆಯ ತೊಡಕಿರುವುದು ‘ಪುಸ್ತಕ’ ಎಂಬ ಪದದಲ್ಲಿಯೇ ಎಂದು ನನಗನ್ನಿಸುತ್ತದೆ. ನಿಘಂಟು, ವಿಶ್ವಕೋಶ, ದೂರವಾಣಿ ಡೈರೆಕ್ಟರಿ, ಕಾದಂಬರಿ, ಪಠ್ಯಪುಸ್ತಕ, ಮಕ್ಕಳ ಚಿತ್ರಪುಸ್ತಕ ಇವೆಲ್ಲವನ್ನೂ ಒಂದೇ ರೀತಿಯಲ್ಲಿ ಹೊಲಿದು ರಟ್ಟು ಹಾಕುತ್ತಿದ್ದುದರಿಂದ ಅವೆಲ್ಲ ಒಂದೇ ಜಾತಿಯ ವಸ್ತುಗಳೆಂಬ ಭ್ರಮೆ ನಮಗೆ ಹುಟ್ಟಿತ್ತು. ವಿದ್ಯುನ್ಮಾನ ರೂಪ ಬಂದದ್ದೇ ತಡ, ಆ ಹೊಲಿಗೆ ಬಿಚ್ಚಿಕೊಂಡು ಒಂದೊಂದೂ ತನ್ನ ತನ್ನ ದಾರಿ ಹಿಡಿದಿದೆ.

ಕೆಲವಂತೂ ಈಗಾಗಲೇ ಹೋಗಿವೆ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ 1768ರಲ್ಲಿ ಎಡಿನ್‌ಬರೋದಲ್ಲಿ ಮೊದಲು ಅಚ್ಚಾಯಿತು. 32 ಸಂಪುಟಗಳ 2010ರ ಆವೃತ್ತಿಯೇ ಅದರ ಕೊನೆಯ ಮುದ್ರಿತ ಆವೃತ್ತಿಯೆಂದು 2012ರ ಮಾರ್ಚ್‌ನಲ್ಲಿ ಪ್ರಕಾಶಕರು ಘೋಷಿಸಿದರು. 244 ವರ್ಷಗಳ ಕಾಲ ನಡೆದ ಮುದ್ರಣ ನಿಂತಾಗ ಒಂದಿಷ್ಟು ನಿಟ್ಟುಸಿರು ಕೇಳಿಬಂತೇ ಹೊರತು, ಯಾರ ಓದೂ ಕುಂಠಿತವಾಗಲಿಲ್ಲ. ಏಕೆಂದರೆ ವಿಶ್ವಕೋಶವನ್ನು ಯಾರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿರಲಿಲ್ಲ, ಅದರೊಳಗೆ ಹುಡುಕುತ್ತಿದ್ದರು. ಮತ್ತು ಹುಡುಕುವ ಕೆಲಸದಲ್ಲಿ ಯಂತ್ರದ ಎದುರು ಕಾಗದ ನಿಲ್ಲಲಾರದು. ಹಿಂದೊಮ್ಮೆ ಸುರುಳಿ ಸೋತು ಪುಟಗಳ ಪುಸ್ತಕ ಗೆದ್ದದ್ದಕ್ಕೂ ಇಂಥದೇ ಒಂದು ಕಾರಣವಿತ್ತು. ಸುರುಳಿಯಲ್ಲಿ ನಡುವಿನ ಒಂದು ಸಾಲು ಬೇಕಾದರೆ ಅಲ್ಲಿಯತನಕ ಬಿಚ್ಚುತ್ತ ಹೋಗಬೇಕಿತ್ತು, ಪುಸ್ತಕವನ್ನು ಎಲ್ಲಿ ಬೇಕಾದರೂ ತೆರೆಯಬಹುದಿತ್ತು. ಹಾಗಿದ್ದರೂ ರೋಮನ್ ಜಗತ್ತಿನಲ್ಲಿ ಆ ಬದಲಾವಣೆ ಪೂರ್ತಿಯಾಗಲು ಕ್ರಿಸ್ತಶಕದ ಮೊದಲ ಮೂರು ನಾಲ್ಕು ಶತಮಾನಗಳೇ ಬೇಕಾದವು. (ಫೋನಿನ ಪರದೆಯನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಓದುವ ನಾವು ಮತ್ತೆ ಸುರುಳಿಗೇ ಮರಳಿದ್ದೇವೆಂಬುದು ಸ್ವಾರಸ್ಯದ ಸಂಗತಿ.)

ಕಾದಂಬರಿಯ ವಿಷಯದಲ್ಲಿ ಎರಡು ರೂಪಗಳೂ ಜೊತೆಜೊತೆಯಾಗಿ ಸಾಗುತ್ತವೆಂದು ತೋರುತ್ತದೆ. ಒಂದೇ ದಿಕ್ಕಿನಲ್ಲಿ ಓದಿಕೊಂಡು ಹೋಗುವ ಬರಹಕ್ಕೆ ಪುಟವೇನೂ ಅನಿವಾರ್ಯವಲ್ಲ. ಅಕ್ಷರದ ಗಾತ್ರ ಬದಲಾದಂತೆ ಸಾಲುಗಳು ಮರುಹೊಂದಿಕೊಂಡರೂ ಕಥೆಗೆ ನಷ್ಟವಿಲ್ಲ. ಆದರೆ ಪುಟದ ವಿನ್ಯಾಸವೇ ಅರ್ಥದ ಭಾಗವಾಗಿರುವ ಪುಸ್ತಕಗಳಲ್ಲಿ, ಅಂದರೆ ನಕಾಶೆ, ಗಣಿತ, ಚಿತ್ರಕಲೆ, ಎದುರುಬದುರು ಪುಟಗಳಲ್ಲಿ ಮೂಲ ಮತ್ತು ಅನುವಾದವಿರುವ ಗ್ರಂಥಗಳಲ್ಲಿ, ಈ ಮರುಹೊಂದಿಕೆಯೇ ಮುಳುವಾಗುತ್ತದೆ.

ಗಂಭೀರ ಅಧ್ಯಯನದ ಓದಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಸ್ಪೇನ್ ಮತ್ತು ಇಸ್ರೇಲಿನ ಸಂಶೋಧಕರು 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು, ಒಟ್ಟು 1,70,000ಕ್ಕೂ ಹೆಚ್ಚು ಓದುಗರ ಫಲಿತಾಂಶಗಳನ್ನು, ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದಿದೆ. ಒಂದೇ ಪಠ್ಯವನ್ನು ಕಾಗದದ ಮೇಲೆ ಓದಿದವರು ಪರದೆಯ ಮೇಲೆ ಓದಿದವರಿಗಿಂತ ಚೆನ್ನಾಗಿ ಗ್ರಹಿಸಿದ್ದರು. ಅಂತರ ದೊಡ್ಡದಲ್ಲ, ಆದರೆ ಸಮಯದ ಮಿತಿ ಹಾಕಿದಾಗ ಅದು ಹಿಗ್ಗುತ್ತಿತ್ತು. ಕಥನದ ಬರಹಗಳಲ್ಲಿ ಮಾತ್ರ ಅದು ಕಾಣಿಸಲಿಲ್ಲ. ನನಗೆ ಅಚ್ಚರಿಯಾದದ್ದು ಇನ್ನೊಂದು ಅಂಶ. ಜನ ಪರದೆಗೆ ಒಗ್ಗಿಕೊಂಡಂತೆಲ್ಲ ಈ ಅಂತರ ತಾನಾಗಿ ಕರಗಬೇಕಿತ್ತು, ಆದರೆ ಆ 18 ವರ್ಷಗಳಲ್ಲಿ ಅದು ಕರಗುವುದಿರಲಿ, ಹೆಚ್ಚಾಗಿತ್ತು. ಪರದೆಯ ಎದುರು ಕುಳಿತೊಡನೆ ನಮ್ಮ ಮನಸ್ಸು ಅವಸರದ ಓದಿಗೆ ಸಿದ್ಧವಾಗಿಬಿಡುತ್ತದೆ ಎಂಬುದು ಇದಕ್ಕೆ ಕೊಡಲಾಗುವ ವಿವರಣೆಗಳಲ್ಲೊಂದು. ತಮ್ಮ ಅನುಭವ ಇದಕ್ಕೆ ಹೊಂದುತ್ತದೆಯೇ ಎಂದು ತಾವೇ ನೋಡಿಕೊಳ್ಳಬಹುದು.

ಉತ್ತರ: ಅಂಚುಟಿಪ್ಪಣಿ

ಪದಸೂಚಿಯವರ ವಿಂಗಡಣೆ ಸರಿಯಾಗಿದೆ, ಆದರೆ ಅವರು ಇಡೀ ಚರ್ಚೆಯನ್ನು ಓದಿನ ಸುತ್ತಲೇ ನಿಲ್ಲಿಸಿದ್ದಾರೆ. ನನ್ನ ಆತಂಕ ಒಡೆತನದ್ದು. ತಾವು ‘ಕೊಂಡ’ ಇ-ಪುಸ್ತಕಗಳು ಎಂದು ಬರೆದಿದ್ದೀರಿ. ಮಳಿಗೆಯ ಷರತ್ತುಗಳನ್ನು ತೆರೆದು ನೋಡಿದರೆ, ಬಹುತೇಕ ಸಂದರ್ಭಗಳಲ್ಲಿ ತಾವು ಕೊಂಡಿರುವುದು ಪುಸ್ತಕವನ್ನಲ್ಲ, ಅದನ್ನು ಓದುವ ಪರವಾನಗಿಯನ್ನು ಎಂಬುದು ತಿಳಿಯುತ್ತದೆ.

ಇದು ನನಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. ನಾನು ಹಲವು ವರ್ಷ ಪುಸ್ತಕ ಕೊಳ್ಳುತ್ತಿದ್ದ ಒಂದು ಮಳಿಗೆ ಒಂದು ದಿನ ವ್ಯವಹಾರ ನಿಲ್ಲಿಸಿತು. ಹಣದ ಒಂದು ಭಾಗ ಹಿಂದಿರುಗಿತು, ಆದರೆ ಎರಡು ವರ್ಷ ಕುಳಿತು ಬರೆದ ಟಿಪ್ಪಣಿಗಳು, ಗೆರೆ ಎಳೆದು ಗುರುತಿಟ್ಟ ಸಾಲುಗಳು ಪುಸ್ತಕಗಳ ಜೊತೆಗೇ ಹೋದವು. ಅವುಗಳನ್ನು ಬೇರೆಡೆಗೆ ಇಳಿಸಿಕೊಳ್ಳಬಹುದಿತ್ತಂತೆ. ಆ ಸೂಚನೆಯ ಮಿಂಚಂಚೆಯನ್ನು ನಾನು ನೋಡಿದ್ದು ಗಡುವು ಮುಗಿದ ಮೇಲೆ.

ನನ್ನೊಬ್ಬನ ಕಥೆಯೆಂದು ತಳ್ಳಿಹಾಕುವುದಾದರೆ, ಎಲ್ಲರಿಗೂ ಗೊತ್ತಿರುವ ಪ್ರಸಂಗಗಳೇ ಇವೆ. 2009ರ ಜುಲೈನಲ್ಲಿ ಜಾರ್ಜ್ ಆರ್ವೆಲ್ ಅವರ ಎರಡು ಕೃತಿಗಳನ್ನು, ಮಾರಿದವರಿಗೆ ಅವುಗಳ ಹಕ್ಕಿರಲಿಲ್ಲವೆಂಬ ಕಾರಣಕ್ಕೆ, ಅಮೆಜಾನ್ ಸಂಸ್ಥೆಯು ಗಿರಾಕಿಗಳ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಹಣ ಹಿಂದಿರುಗಿಸಿತು, ಬಳಿಕ ಕ್ಷಮೆಯನ್ನೂ ಕೇಳಿತು. ಅಳಿಸಿಹೋದದ್ದರಲ್ಲಿ ಒಂದು, ಹಳೆಯ ದಾಖಲೆಗಳನ್ನು ಸರ್ಕಾರವೇ ತಿದ್ದಿ ಅಳಿಸುವ ಕಥೆಯುಳ್ಳ ಕಾದಂಬರಿಯಾಗಿತ್ತೆಂಬುದನ್ನು ಯಾರಾದರೂ ಕಟ್ಟಿ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಅಲ್ಲಿ ಕೊಂಡಿದ್ದ ಪುಸ್ತಕಗಳೆಲ್ಲ ತೆರೆಯದಾದವು. ಪೂರ್ತಿ ಬೆಲೆ ಮರಳಿ ಬಂತು, ಟಿಪ್ಪಣಿ ಬರೆದುಕೊಂಡಿದ್ದವರ ಖಾತೆಗೆ ಹೆಚ್ಚುವರಿಯಾಗಿ 25 ಡಾಲರ್ ಜಮೆಯಾಯಿತು. ಸಂಸ್ಥೆ ನಡೆದುಕೊಂಡ ರೀತಿಯಲ್ಲಿ ಅನ್ಯಾಯವಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೆ ಮುದ್ರಿತ ಪುಸ್ತಕದ ಅಂಗಡಿ ಮುಚ್ಚಿದರೆ ನಮ್ಮ ಕಪಾಟಿನಿಂದ ಒಂದು ಹಾಳೆಯೂ ಕದಲುವುದಿಲ್ಲವಲ್ಲ.

ಕಾನೂನಿನಲ್ಲಿಯೂ ಈ ಎರಡು ವಸ್ತುಗಳು ಬೇರೆ ಬೇರೆ. ಒಮ್ಮೆ ಮಾರಿದ ಪ್ರತಿಯ ಮರುಮಾರಾಟವನ್ನು ಪ್ರಕಾಶಕ ತಡೆಯಲಾಗದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1908ರಲ್ಲಿಯೇ ಹೇಳಿತ್ತು. ಹಳೆಯ ಪುಸ್ತಕದಂಗಡಿ ನಡೆಯುವುದು ಇಂಥ ತತ್ತ್ವದ ಆಸರೆಯಿಂದ. ಇ-ಪುಸ್ತಕಕ್ಕೆ ಆ ಸ್ವಾತಂತ್ರ್ಯ ಅನ್ವಯಿಸುವುದಿಲ್ಲವೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2019ರ ಡಿಸೆಂಬರಿನಲ್ಲಿ ತೀರ್ಪಿತ್ತಿದೆ. ಗ್ರಂಥಾಲಯಗಳ ಪಾಡು ಇನ್ನೂ ವಿಚಿತ್ರ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನವು, ಒಂದು ಇ-ಪುಸ್ತಕವನ್ನು 26 ಸಲ ಎರವಲು ಕೊಟ್ಟ ಮೇಲೆ ಗ್ರಂಥಾಲಯವು ಪರವಾನಗಿಯನ್ನು ಮತ್ತೆ ಕೊಳ್ಳಬೇಕೆಂಬ ನಿಯಮ ತಂದಿತು. ಸವೆಯದ ವಸ್ತುವಿಗೆ ಸವೆತವನ್ನು ಕರಾರಿನ ಮೂಲಕ ಅಂಟಿಸಿದ ಈ ಜಾಣತನವನ್ನು ಮೆಚ್ಚಬೇಕೋ ಮರುಗಬೇಕೋ ನನಗೆ ತಿಳಿಯದು.

ಆದ್ದರಿಂದ ನನ್ನ ಸಲಹೆ ಇಷ್ಟು: ಮತ್ತೆ ಮತ್ತೆ ಬೇಕಾಗುವ, ಮುಂದೆ ಮತ್ತೊಬ್ಬರಿಗೆ ಕೊಡಬೇಕೆನಿಸುವ ಪುಸ್ತಕವನ್ನು ಕಾಗದದಲ್ಲಿಯೇ ಉಳಿಸಿಕೊಳ್ಳಿ.

ಉತ್ತರ: ಹದಿನಾರು ಪುಟ

ನಾನು ಮುದ್ರಣದ ಕಸುಬಿನವನು, ಹಾಗಾಗಿ ನನ್ನ ಮಾತಿನಲ್ಲಿ ಪಕ್ಷಪಾತವಿದ್ದರೆ ಕ್ಷಮಿಸಿ. ಎದುರಾಳಿಗಳೆಂದು ನೀವೆಲ್ಲ ತಿಳಿದಿರುವ ಈ ಎರಡೂ ಒಂದೇ ಫೈಲಿನ ಮಕ್ಕಳು. ಇಂದು ಅಚ್ಚಾಗುವ ಪುಸ್ತಕವೂ ಕೊನೆಯ ಹಂತದವರೆಗೆ ಕಂಪ್ಯೂಟರಿನಲ್ಲಿಯೇ ಇದ್ದು, ಪ್ಲೇಟಿನ ಮೇಲೆ ಮೂಡುವಾಗ ಮಾತ್ರ ವಸ್ತುವಾಗುತ್ತದೆ.

ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟು ಮಾಡುವ, ಯಂತ್ರಕ್ಕೆ ಕೂರಿಸುವ, ಶಾಯಿ ಹೊಂದಿಸುವ ವೆಚ್ಚ 100 ಪ್ರತಿಗೂ 1000 ಪ್ರತಿಗೂ ಒಂದೇ. ಇದರಿಂದಾಗಿ, ವರ್ಷಕ್ಕೆ ಹತ್ತು ಜನ ಮಾತ್ರ ಕೇಳುವ ಪುಸ್ತಕವನ್ನು ಯಾರೂ ಮರುಮುದ್ರಿಸುತ್ತಿರಲಿಲ್ಲ. ‘ಪ್ರತಿಗಳು ಮುಗಿದಿವೆ’ ಎಂಬಲ್ಲಿಗೆ ಅದರ ಆಯುಸ್ಸೂ ಮುಗಿಯುತ್ತಿತ್ತು. ಫೈಲಿನಿಂದ ನೇರವಾಗಿ ಅಚ್ಚು ಹಾಕುವ ಡಿಜಿಟಲ್ ಯಂತ್ರಗಳು ಬಂದ ಮೇಲೆ ಒಂದೇ ಒಂದು ಪ್ರತಿಯನ್ನೂ ಮುದ್ರಿಸಿ ಕೊಡಬಹುದಾಗಿದೆ. ಬಿಡಿ ಪ್ರತಿಯ ಖರ್ಚು ಹೆಚ್ಚು, ನಿಜ. ಆದರೆ ಗೋದಾಮು ಬೇಡ, ಮಾರಾಟವಾಗದೆ ರದ್ದಿಗೆ ಹೋಗುವ ಕಟ್ಟುಗಳಿಲ್ಲ. ಡಿಜಿಟಲ್ ತಂತ್ರಜ್ಞಾನವು ಮುದ್ರಿತ ಪುಸ್ತಕವನ್ನು ಕೊಲ್ಲುತ್ತದೆಂದು ಹೇಳುವವರು, ಅದೇ ತಂತ್ರಜ್ಞಾನ ಎಷ್ಟು ಸತ್ತ ಪುಸ್ತಕಗಳನ್ನು ಎಬ್ಬಿಸಿ ಕೂರಿಸಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಡಿಮೆಯಾಗಿರುವುದು ದೊಡ್ಡ ಪ್ರಮಾಣದ ಸಾಧಾರಣ ಮುದ್ರಣ. ಒಮ್ಮೆ ಓದಿ ಬಿಸಾಡುವ ಪುಸ್ತಕಕ್ಕೆ ಕಾಗದ ಸುರಿಯುವ ಅಗತ್ಯವಿಲ್ಲವೆಂದು ನಾನೂ ಒಪ್ಪುತ್ತೇನೆ. ಅದರ ಬದಲು, ಅಚ್ಚಾಗುವುದಾದರೆ ಚೆನ್ನಾಗಿಯೇ ಆಗಲಿ ಎಂದು ಫಾರಂಗಳನ್ನು, ಅಂದರೆ ಮಡಿಸಿದ ಹಾಳೆಗಳ ಕಟ್ಟುಗಳನ್ನು, ಹೊಲಿದು ಗಟ್ಟಿ ರಟ್ಟು ಹಾಕಿಸುವವರು ಬರುತ್ತಿದ್ದಾರೆ. ಬರೀ ಗೋಂದಿನ ಬೈಂಡಿಂಗಿಗಿಂತ ಅದರ ಬಾಳಿಕೆ ಎಷ್ಟು ಹೆಚ್ಚೆಂಬುದನ್ನು ತಮ್ಮ ಕಪಾಟಿನಲ್ಲಿ ಹಾಳೆ ಉದುರಿಸುತ್ತಿರುವ ಪುಸ್ತಕಗಳೇ ಹೇಳುತ್ತವೆ. ಯಾವುದನ್ನು ಬಿಡಬೇಕೆಂದು ತೋಚದಿದ್ದರೆ ಬೆನ್ನನ್ನು ನೋಡಿ.

ಉತ್ತರ: ದಪ್ಪಕ್ಷರ

ಇಲ್ಲಿಯವರೆಗೆ ಮಾತನಾಡಿದವರೆಲ್ಲರೂ ಎರಡು ರೂಪಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಸೌಕರ್ಯ ಉಳ್ಳವರು. ನನ್ನ ದೃಷ್ಟಿ ಮಂದವಾಗಿ ಹನ್ನೆರಡು ವರ್ಷಗಳಾದವು. ಮುದ್ರಿತ ಪುಸ್ತಕ ಉಳಿಯುತ್ತದೋ ಇಲ್ಲವೋ ಎಂಬ ನಿಮ್ಮ ಚಿಂತೆ ನನ್ನ ಪಾಲಿಗೆ ಅಂದೇ ಮುಗಿದಿದೆ. ಸಾಮಾನ್ಯ ಗಾತ್ರದ ಅಚ್ಚು ನನಗೆ ಬೂದು ಬಣ್ಣದ ಪಟ್ಟೆಗಳಾಗಿ ಕಾಣುತ್ತದೆ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಲ್ಲ, ಕಣ್ಣು ಸೋತಾಗ ಗಟ್ಟಿಯಾಗಿ ಓದಿ ಹೇಳಬಲ್ಲ ಸಾಧನ ಬಂದ ಮೇಲೆಯೇ ನಾನು ಮತ್ತೆ ಓದುಗಾರ್ತಿಯಾದೆ. ‘ನಿಜವಾದ ಓದು ಕಾಗದದ್ದೇ’ ಎಂಬ ಮಾತು ಕೇಳಿದಾಗಲೆಲ್ಲ, ಹಾಗಾದರೆ ನಾನು ಮಾಡುತ್ತಿರುವುದೇನು ಎಂದು ಕೇಳಬೇಕೆನಿಸುತ್ತದೆ.

ಆದರೂ ಅಂಚುಟಿಪ್ಪಣಿಯವರು ಎತ್ತಿದ ವಿಷಯ, ಅಂದರೆ ಇ-ಪುಸ್ತಕಕ್ಕೆ ಮಾರಿದವರೇ ಹಾಕಿಡುವ ಬೀಗ, ನಮ್ಮಂಥವರನ್ನೇ ಹೆಚ್ಚು ತಟ್ಟುತ್ತದೆ ಎಂಬುದನ್ನು ಸೇರಿಸಬಯಸುತ್ತೇನೆ. 2009ರಲ್ಲಿ ಕಿಂಡಲ್‌ನ ಎರಡನೆಯ ಮಾದರಿಯಲ್ಲಿ ಪುಸ್ತಕವನ್ನು ಧ್ವನಿಯಲ್ಲಿ ಓದುವ ಸೌಲಭ್ಯ ಬಂದಾಗ, ಅದು ಧ್ವನಿಪುಸ್ತಕದ ಹಕ್ಕಿಗೆ ಧಕ್ಕೆಯೆಂದು ಅಮೆರಿಕದ ಲೇಖಕರ ಸಂಘವಾದ ಆಥರ್ಸ್ ಗಿಲ್ಡ್ ಆಕ್ಷೇಪಿಸಿತು. ಪ್ರಕಾಶಕರು ಬಯಸಿದರೆ ಆ ಸೌಲಭ್ಯವನ್ನು ಆಫ್ ಮಾಡಬಹುದೆಂದು ಅಮೆಜಾನ್ ಸಂಸ್ಥೆ ಒಪ್ಪಿಕೊಂಡಿತು. ದೃಷ್ಟಿದೋಷವುಳ್ಳವರಿಗಾಗಿ ಅನುಮತಿ ಕೇಳದೆಯೇ ಪುಸ್ತಕಗಳನ್ನು ಓದಬಲ್ಲ ರೂಪಕ್ಕೆ ತರಲು ಅವಕಾಶ ಕಲ್ಪಿಸುವ ಮರ‍್ರಾಕೆಶ್ ಒಪ್ಪಂದ 2013ರಲ್ಲಿ ಅಂಗೀಕಾರವಾಗಿ 2016ರಲ್ಲಿ ಜಾರಿಗೆ ಬಂತು. ಅದರವರೆಗೆ ಒಂದು ದೇಶದಲ್ಲಿ ತಯಾರಾದ ಅಂಥ ಪ್ರತಿಯನ್ನು ಇನ್ನೊಂದು ದೇಶಕ್ಕೆ ಕಳುಹಿಸುವುದಕ್ಕೂ ಹಕ್ಕುಸ್ವಾಮ್ಯ ಅಡ್ಡ ನಿಲ್ಲುತ್ತಿತ್ತು.

ಉತ್ತರ: ನಕಲುಗಾರ

ಕಾಗದ ಉಳಿಯುತ್ತದೆ, ಫೈಲು ಅಳಿಯುತ್ತದೆ ಎಂಬ ಧ್ವನಿ ಅಂಚುಟಿಪ್ಪಣಿಯವರ ಬರಹದಲ್ಲಿದೆ. ಅದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಒಪ್ಪುವ ಅರ್ಧಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು: ಇಂಗ್ಲೆಂಡಿನಲ್ಲಿ 1086ರಲ್ಲಿ ತಯಾರಾದ ‘ಡೂಮ್ಸ್‌ಡೇ’ ಎಂಬ ಜಮೀನು ಗಣತಿಯ ದಾಖಲೆಯ 900ನೆಯ ವರ್ಷದ ನೆನಪಿಗೆ ಬಿಬಿಸಿ ಸಂಸ್ಥೆ 1986ರಲ್ಲಿ ಅದರ ಆಧುನಿಕ ಆವೃತ್ತಿಯೊಂದನ್ನು ಲೇಸರ್ ಡಿಸ್ಕುಗಳಲ್ಲಿ ಹೊರತಂದಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಡಿಸ್ಕುಗಳನ್ನು ಓದುವ ಯಂತ್ರಗಳು ಅಪರೂಪವಾಗಿ, ಅದರೊಳಗಿನದನ್ನು ಪಾರುಮಾಡಲು ತಜ್ಞರು ಹೆಣಗಬೇಕಾಯಿತು. ಚರ್ಮದ ಹಾಳೆಯ ಮೇಲಿನ 1086ರ ಮೂಲವನ್ನು ಇಂದಿಗೂ ಕಣ್ಣಿನಿಂದಲೇ ಓದಬಹುದು.

ಒಪ್ಪದ ಅರ್ಧ ಯಾವುದೆಂದರೆ, ಕಾಗದವೆಲ್ಲ ಅಂಥ ಗಟ್ಟಿ ಕುಳವಲ್ಲ. 19ನೆಯ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ ಬಳಕೆಗೆ ಬಂತು, ಶಾಯಿ ಹರಡದಂತೆ ಅದಕ್ಕೆ ಪಟಿಕ ಮತ್ತು ರಾಳವನ್ನು ಬೆರೆಸುತ್ತಿದ್ದರು. ಅದರಿಂದ ಹುಟ್ಟುವ ಆಮ್ಲ ಕಾಗದವನ್ನು ಒಳಗಿನಿಂದಲೇ ತಿನ್ನುತ್ತ, ಹಾಳೆ ಕಂದುಬಣ್ಣಕ್ಕೆ ತಿರುಗಿ, ಮಡಿಸಿದ ಕಡೆ ಮುರಿಯುತ್ತದೆ. ಕಪಾಟಿನಲ್ಲಿ ಸುಮ್ಮನೆ ಇಟ್ಟರೂ ಹಾಳಾಗುವ ಲಕ್ಷಾಂತರ ಪುಸ್ತಕಗಳು ಲೋಕದ ಗ್ರಂಥಾಲಯಗಳಲ್ಲಿವೆ. ಅವುಗಳಲ್ಲಿ ಬಹಳಷ್ಟರ ಒಳಗಿನ ಮಾತು ಉಳಿದಿರುವುದು ಮೈಕ್ರೋಫಿಲ್ಮ್ ಅಥವಾ ಸ್ಕ್ಯಾನ್ ಮಾಡಿದ್ದರಿಂದ.

ಜರ್ಮನಿಯ ಮಠಾಧಿಪತಿ ಯೋಹಾನೆಸ್ ಟ್ರಿಥೇಮಿಯಸ್ 1492ರಲ್ಲಿ ಹಸ್ತಪ್ರತಿ ಬರೆಯುವವರನ್ನು ಹೊಗಳಿ ಒಂದು ಪುಸ್ತಕ ಬರೆದ. ಚರ್ಮದ ಮೇಲಿನ ಬರಹ ಸಾವಿರ ವರ್ಷ ಬಾಳುತ್ತದೆ, ಕಾಗದದ ಮೇಲಿನ ಅಚ್ಚು ಎಷ್ಟು ದಿನ ಬಾಳೀತು ಎಂಬುದು ಅವನ ವಾದವಾಗಿತ್ತು. ಎರಡು ವರ್ಷಗಳ ಬಳಿಕ ಆ ಪುಸ್ತಕವನ್ನು ಅವನು ಅಚ್ಚು ಹಾಕಿಸಿದ! ಅವನ ಈ ನಡತೆಯನ್ನು ಕಂಡು ನಗುವುದು ಸುಲಭ, ಆದರೆ ಅದರಲ್ಲಿ ವಿವೇಕವಿತ್ತು. ಮಾತು ಉಳಿಯುವುದು ಯಾವ ವಸ್ತುವಿನ ಮೇಲೆ ಬರೆಯಲಾಗಿದೆ ಎಂಬುದರಿಂದ ಮಾತ್ರವಲ್ಲ, ಅದರ ಎಷ್ಟು ಪ್ರತಿಗಳು ಎಷ್ಟು ಕಡೆ ಇವೆ ಎಂಬುದರಿಂದ. ತಾಳೆಗರಿಯನ್ನು ಹುಳು ತಿನ್ನುತ್ತದೆ, ಕಾಲ ಮುರಿಯುತ್ತದೆ. ಆದರೂ ಹಳೆಯ ಕೃತಿಗಳು ನಮ್ಮವರೆಗೆ ಬಂದದ್ದು, ಗರಿ ಜೀರ್ಣವಾಗುವ ಮೊದಲೇ ಯಾರೋ ಕುಳಿತು ಇನ್ನೊಂದು ಪ್ರತಿ ಮಾಡಿದ್ದರಿಂದ. 1971ರಲ್ಲಿ ಮೈಕೆಲ್ ಹಾರ್ಟ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಬೆರಳಚ್ಚಿಸಿ, ಇ-ಪುಸ್ತಕಗಳನ್ನು ಉಚಿತವಾಗಿ ಹಂಚುವ ಪ್ರಾಜೆಕ್ಟ್ ಗುಟೆನ್‌ಬರ್ಗ್‌ಗೆ ನಾಂದಿ ಹಾಡಿದ. ಅಂದಿನ ಆ ಯಂತ್ರ ಎಂದೋ ಗುಜರಿಗೆ ಹೋಗಿರಬೇಕು, ಪಠ್ಯ ಮಾತ್ರ ಇಂದಿಗೂ ಎಲ್ಲರ ಕೈಗೂ ಸಿಗುತ್ತಿದೆ. ಅದನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದಾಗಿತ್ತು ಎಂಬುದೇ ಅದಕ್ಕೆ ಕಾರಣ.

ಇಲ್ಲಿಗೆ ಬಂದಾಗ ಅಂಚುಟಿಪ್ಪಣಿಯವರ ಜೊತೆ ನನ್ನ ಜಗಳ ಮುಗಿಯುತ್ತದೆ. ಬೀಗ ಹಾಕಿದ ಇ-ಪುಸ್ತಕ ಅಪಾಯಕ್ಕೆ ಗುರಿಯಾಗಿರುವುದು ಅದು ಡಿಜಿಟಲ್ ಎಂಬುದರಿಂದಲ್ಲ, ಅದನ್ನು ನಕಲು ಮಾಡಿಡುವ ಹಕ್ಕು ಒಬ್ಬರ ಕೈಯಲ್ಲಿ ಮಾತ್ರ ಇರುವುದರಿಂದ. ಬೀಗವಿಲ್ಲದ, ಇಪಬ್‌ನಂಥ ಮುಕ್ತ ರೂಪದ ಫೈಲನ್ನು ಮೂರು ಕಡೆ ಇಟ್ಟುಕೊಂಡವನು, ಆಮ್ಲ ಹಿಡಿದ ಒಂದೇ ಪ್ರತಿಯನ್ನು ಕಾಯುತ್ತಿರುವವನಿಗಿಂತ ನೆಮ್ಮದಿಯಿಂದ ಮಲಗಬಹುದು.

ಮರುನುಡಿ: ಕಪಾಟಿನ ಭಾರ

ಎಲ್ಲರಿಗೂ ಧನ್ಯವಾದಗಳು. ನಾನು ‘ಇದು ಹೋಗುತ್ತದೆಯೇ, ಉಳಿಯುತ್ತದೆಯೇ’ ಎಂದು ಕೇಳಿದ್ದೆ. ಪ್ರತಿ ಪುಸ್ತಕಕ್ಕೂ ಆ ಪ್ರಶ್ನೆಯನ್ನು ಬೇರೆಯಾಗಿಯೇ ಕೇಳಬೇಕೆಂದು ಅರ್ಥವಾಯಿತು. ನಿನ್ನೆ ಎರಡನೆಯ ಕಪಾಟಿನವರೆಗೆ ಬಂದಿದ್ದೇನೆ. ಅಂಚಿನಲ್ಲಿ ನನ್ನ ಬರಹವಿರುವ ಪುಸ್ತಕಗಳು, ಈಗ ಎಲ್ಲಿಯೂ ಸಿಗದವು, ಚಿತ್ರಕಲೆಯವು ಉಳಿದವು. ಒಮ್ಮೆ ಓದಿ ಇಟ್ಟ ಕಾದಂಬರಿಗಳನ್ನು ಬೇಕಾದವರಿಗೆ ಕೊಡುತ್ತಿದ್ದೇನೆ. ಹೀಗೆ ಕೊಡಲು ಸಾಧ್ಯವಾಗುತ್ತಿರುವುದೂ ಅವು ಮುದ್ರಿತ ಪುಸ್ತಕಗಳೆಂಬ ಕಾರಣಕ್ಕೇ ಎಂಬುದು ಕೊಡುವಾಗ ಹೊಳೆಯಿತು. ಇ-ರೀಡರಿನಲ್ಲಿರುವ ಟಿಪ್ಪಣಿಗಳನ್ನು ಇಂದೇ ಬೇರೆಡೆಗೆ ಇಳಿಸಿಕೊಂಡೆ.

ನಿಘಂಟುಗಳೇ ಒಂದಿಡೀ ಸಾಲು ಇವೆ. ಪದಸೂಚಿಯವರ ಮಾತಿನಂತೆ ಅವೆಲ್ಲವನ್ನೂ ಬಿಡಬಹುದಲ್ಲವೇ?

ಉತ್ತರ: ಪದಸೂಚಿ

ಒಂದನ್ನು, ಅದರಲ್ಲಿಯೂ ಎಲ್ಲಕ್ಕಿಂತ ಹಳೆಯದನ್ನು, ಇಟ್ಟುಕೊಳ್ಳಿ. ಜಾಲತಾಣದ ನಿಘಂಟಿನಲ್ಲಿ ಅರ್ಥವನ್ನು ತಿದ್ದಿದಾಗ ಹಳೆಯ ಅರ್ಥ ಓದುಗನ ಕಣ್ಣಿನಿಂದ ಮರೆಯಾಗುತ್ತದೆ. ನಿಮ್ಮ ಕಪಾಟಿನಲ್ಲಿರುವ ಆವೃತ್ತಿಯನ್ನು ಯಾರೂ ಬಂದು ತಿದ್ದುವುದಿಲ್ಲ. ಹಳೆಯ ಬರಹವೊಂದನ್ನು ಓದುವಾಗ, ಆ ಪದಕ್ಕೆ ಅಂದು ಯಾವ ಅರ್ಥವಿತ್ತೆಂದು ನೋಡಲು ಅದು ಬೇಕಾಗುತ್ತದೆ. ಉಳಿದವನ್ನು ಧಾರಾಳವಾಗಿ ಬಿಡಿ.